ನಾಕ್ ಸೆನ್ಸರ್ ಕೋಡ್ ಬಂದಿದೆಯೇ? ಹೊಸದು ಕೊಳ್ಳುವ ಮೊದಲು ಸರ್ಕ್ಯೂಟ್ ಅಳೆದು ನೋಡಿ

ಎಂಜಿನ್ ಚೆಕ್ ಲೈಟ್ ಹತ್ತಿದೆ. ಗಾಡಿ ಓಡುತ್ತಿದೆ, ಆದರೆ ಪಿಕಪ್ ಕಮ್ಮಿ. ಓವರ್‌ಟೇಕ್ ಮಾಡಲು ಹೋದರೆ ಎಳೆಯುವುದಿಲ್ಲ. ಮೈಲೇಜೂ ಇಳಿದಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0325, ಪಿ0327 ಅಥವಾ ಪಿ0328 ಎಂಬ ಕೋಡ್ ಕಾಣುತ್ತದೆ. 'ನಾಕ್ ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು' ಅನ್ನುವ ಮಾತು ಅಲ್ಲೇ ಬಂದುಬಿಡುತ್ತದೆ.

ಸ್ವಲ್ಪ ತಡೆಯಿರಿ. ಸೆನ್ಸರ್ ಹೋಗಿದೆ ಅಂತ ಆ ಕೋಡ್ ಹೇಳುತ್ತಿಲ್ಲ. ಸೆನ್ಸರ್‌ನಿಂದ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ವರೆಗಿನ ಸರ್ಕ್ಯೂಟ್‌ನಲ್ಲಿ ಎಲ್ಲೋ ತೊಂದರೆ ಇದೆ ಅಂತ ಮಾತ್ರ ಹೇಳುತ್ತಿದೆ. ಸೆನ್ಸರ್, ಅದನ್ನು ಬಿಗಿದ ಬೋಲ್ಟ್, ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್), ತೆಳುವಾದ ಎರಡು ವೈರ್, ಅವುಗಳ ಸುತ್ತಲಿನ ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಹೊದಿಕೆ), ಕೊನೆಗೆ ಇಸಿಯು: ಇದರಲ್ಲಿ ಯಾವುದು ಬೇಕಾದರೂ ಕೈಕೊಟ್ಟಿರಬಹುದು. ವೈರ್ ತುಂಡಾಗಿದ್ದರೆ ಎಷ್ಟು ಹೊಸ ಸೆನ್ಸರ್ ಹಾಕಿದರೂ ಲೈಟ್ ಮತ್ತೆ ಹತ್ತುತ್ತದೆ. ಒಂದು ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ತೊಂದರೆ ಎಲ್ಲಿದೆ ಎಂದು ನೀವೇ ಕಂಡುಹಿಡಿಯಬಹುದು. ಗ್ಯಾರೇಜಿಗೇ ಕೊಡುವವರೂ ಇದನ್ನು ತಿಳಿದಿದ್ದರೆ, 'ಏನೇನು ಅಳೆದಿರಿ?' ಎಂದು ಕೇಳಬಹುದು. ಈ ಲೇಖನ ಪೆಟ್ರೋಲ್ ಗಾಡಿಗಳಿಗೆ ಸಂಬಂಧಿಸಿದ್ದು.

ಸೆನ್ಸರ್ ಮಾಡುವ ಕೆಲಸ

ಸಿಲಿಂಡರ್ ಒಳಗೆ ಸ್ಪಾರ್ಕ್‌ನಿಂದ ಹೊತ್ತಿದ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬೇಕು. ಒತ್ತಡ, ಶಾಖ ಅತಿಯಾದರೆ ಇನ್ನೂ ಉರಿಯದ ಮಿಶ್ರಣ ತಾನಾಗಿಯೇ ಒಮ್ಮೆಲೇ ಸಿಡಿಯುತ್ತದೆ. ಇದೇ ನಾಕಿಂಗ್. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ದೊಡ್ಡ ಗೇರ್‌ನಲ್ಲೇ ಆಕ್ಸಿಲರೇಟರ್ ಒತ್ತಿದಾಗ ಕೇಳುವ 'ಕಟ ಕಟ' ಸದ್ದು ಅನೇಕರಿಗೆ ಗೊತ್ತು, ಅಲ್ವಾ? ಅದು ಹೀಗೇ ನಡೆದರೆ ಪಿಸ್ಟನ್ ಹಾಳಾಗುತ್ತದೆ.

ಎಂಜಿನ್ ಬ್ಲಾಕ್‌ಗೆ ಬೋಲ್ಟ್ ಹಾಕಿ ಬಿಗಿದಿರುವ ನಾಕ್ ಸೆನ್ಸರ್ ಒಳಗೆ ಪೀಜೋ ಹರಳು ಇರುತ್ತದೆ. ಒತ್ತಿದರೆ ವಿದ್ಯುತ್ ಕೊಡುವ ಹರಳು ಅದು. ಪಿಯರೆ ಕ್ಯೂರಿ ಮತ್ತು ಅವರ ಅಣ್ಣ ಜಾಕ್ 1880ರಲ್ಲಿ ಕಂಡುಹಿಡಿದ ಗುಣ ಇದು. ಬ್ಲಾಕ್ ನಡುಗಿದ ಹಾಗೆಲ್ಲ ಸೆನ್ಸರ್‌ನಿಂದ ಮಿಲಿವೋಲ್ಟ್‌ಗಳ ಲೆಕ್ಕದ ಸಣ್ಣ ಸಿಗ್ನಲ್ ಹೊರಡುತ್ತದೆ. ಎಂಜಿನ್‌ನಲ್ಲಿ ನೂರು ಬಗೆಯ ಸದ್ದು ಇದ್ದರೂ ಇಸಿಯು ನಾಕಿಂಗ್‌ನ ಸದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಹಲಸಿನ ಹಣ್ಣನ್ನು ತಟ್ಟಿ, ಆ ಸದ್ದಿನಲ್ಲೇ ಹಣ್ಣಾಗಿದೆಯೋ ಇಲ್ಲವೋ ಹೇಳುತ್ತಾರಲ್ಲ, ಹಾಗೆ. ಸಿಲಿಂಡರ್ ಬೋರ್ ಎಷ್ಟು ದೊಡ್ಡದು ಎನ್ನುವುದರ ಮೇಲೆ ನಾಕಿಂಗ್ ಸದ್ದಿನ ಕಂಪನ ನಿಂತಿದೆ. ಬೋರ್ 73 ಮಿ.ಮೀ. ಇದ್ದರೆ ಅದು 8 ಕಿಲೋಹರ್ಟ್ಜ್ ಹತ್ತಿರ. ಪಿಸ್ಟನ್ ಮೇಲಿನಿಂದ ಕೆಳಗೆ ಇಳಿಯತೊಡಗಿದ ಆ ಸಣ್ಣ ಅವಧಿಯಲ್ಲಿ ಮಾತ್ರ ಇಸಿಯು ಈ ಸದ್ದಿಗೆ ಗಮನ ಕೊಡುತ್ತದೆ.

ನಾಕಿಂಗ್ ಕಂಡರೆ ಇಸಿಯು ಸ್ಪಾರ್ಕ್ ಟೈಮಿಂಗ್ ಅನ್ನು ಕೆಲವು ಡಿಗ್ರಿ ಹಿಂದಕ್ಕೆ ತಳ್ಳುತ್ತದೆ, ಅಂದರೆ ಕಿಡಿ ತುಸು ತಡವಾಗಿ ಹಾರುತ್ತದೆ. ಸದ್ದು ನಿಂತ ಮೇಲೆ ನಿಧಾನವಾಗಿ ಮುಂದಕ್ಕೆ ತರುತ್ತದೆ. ಸೆನ್ಸರ್ ಸರ್ಕ್ಯೂಟೇ ಕೆಟ್ಟರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಆಗ ಎಂಜಿನ್ ಕಾಪಾಡಲು ಟೈಮಿಂಗ್ ಅನ್ನು ಹಿಂದಕ್ಕೇ ಇಟ್ಟುಬಿಡುತ್ತದೆ. ಪಿಕಪ್ ಮತ್ತು ಮೈಲೇಜ್ ಇಳಿಯುವುದು ಇದರಿಂದಲೇ. ಗಾಡಿ ನಡುದಾರಿಯಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಗಾಬರಿ ಬೇಡ. ಆದರೆ ತಿಂಗಳುಗಟ್ಟಲೆ ಹಾಗೇ ಓಡಿಸುವುದೂ ಸರಿಯಲ್ಲ.

ಕೋಡ್ ಓದುವುದು, ಬರೆದಿಟ್ಟುಕೊಳ್ಳುವುದು

ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಂದ ಬಿಎಸ್4 ಕಾರುಗಳಲ್ಲಿ ಒಬಿಡಿ-2 (ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಇಡುವ ವ್ಯವಸ್ಥೆ) ಇದೆ. ಸ್ಟಿಯರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಇರುತ್ತದೆ. ಅಗ್ಗದ ಇಎಲ್‌ಎಂ327 ಬ್ಲೂಟೂತ್ ರೀಡರ್ ಮತ್ತು ಫೋನಿನ ಆ್ಯಪ್ ಈ ಕೆಲಸಕ್ಕೆ ಸಾಕು.

ಕೋಡ್ ಕಂಡ ಕೂಡಲೇ ಅಳಿಸಬೇಡಿ. ಅದರ ಜೊತೆಗೆ 'ಫ್ರೀಜ್ ಫ್ರೇಮ್' ಇರುತ್ತದೆ. ತೊಂದರೆ ಕಂಡ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು, ಲೋಡ್ ಎಷ್ಟು ಎಂಬ ವಿವರ ಅದರಲ್ಲಿದೆ. ಅಳಿಸಿದರೆ ಅದೂ ಹೋಗುತ್ತದೆ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪಿ0325 ಅಂದರೆ ಒಂದನೇ ನಾಕ್ ಸೆನ್ಸರ್‌ನ ಸರ್ಕ್ಯೂಟ್ ದೋಷ. ಪಿ0326 ಬಂದರೆ ಸಿಗ್ನಲ್ ಬರುತ್ತಿದೆ, ಆದರೆ ಇರಬೇಕಾದ ಹಾಗೆ ಇಲ್ಲ. ಪಿ0327 ಅಂದರೆ ಸಿಗ್ನಲ್ ತೀರಾ ಕೆಳಗೆ, ಪಿ0328 ಅಂದರೆ ತೀರಾ ಮೇಲೆ. ಪಿ0329 ಅಂದರೆ ಬಂದು ಹೋಗಿ ಮಾಡುತ್ತಿದೆ. ಪಿ0330ರಿಂದ ಪಿ0334ರವರೆಗಿನವು ಎರಡನೇ ಸೆನ್ಸರ್‌ಗೆ ಸೇರಿದವು. ನಾಲ್ಕು ಸಿಲಿಂಡರ್‌ನ ನಮ್ಮ ಸಾಮಾನ್ಯ ಕಾರುಗಳಲ್ಲಿ ಸೆನ್ಸರ್ ಒಂದೇ ಇರುತ್ತದೆ.

ಬೇರೆ ಕೋಡ್‌ಗಳೂ ಇವೆಯೇ ನೋಡಿ. ಕ್ರ್ಯಾಂಕ್ ಸೆನ್ಸರ್ ಕೋಡ್ ಜೊತೆಗಿದ್ದರೆ ಮೊದಲು ಅದನ್ನು ಸರಿಮಾಡಿ. ಪಿಸ್ಟನ್ ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ಇಸಿಯುಗೆ ನಾಕಿಂಗ್ ಪತ್ತೆ ಮಾಡುವುದೂ ಆಗುವುದಿಲ್ಲ.

ಕೋಡ್ ಅಳಿಸುವ ಮೊದಲೇ ಒಂದು ಏರಿನಲ್ಲಿ ಗಾಡಿ ಹತ್ತಿಸಿ, ಆ್ಯಪ್ ತೋರಿಸುವ ಇಗ್ನಿಷನ್ ಟೈಮಿಂಗ್, ಗೇರ್ ಮತ್ತು ಆರ್‌ಪಿಎಂ ಅನ್ನು ಜೊತೆಗಿರುವವರಿಂದ ಬರೆಸಿಡಿ. ಕೊನೆಯಲ್ಲಿ ಹೋಲಿಸಲು ಬೇಕು. ಎಲ್ಲ ಬರೆದುಕೊಂಡ ಮೇಲೆ ಕೋಡ್ ಅಳಿಸಿ, ಗಾಡಿ ಓಡಿಸಿ. ಕೀ ತಿರುಗಿಸಿದ ತಕ್ಷಣ ಕೋಡ್ ಮರಳಿದರೆ ವೈರ್ ತುಂಡು ಅಥವಾ ಶಾರ್ಟ್ ಇರುವ ಸಾಧ್ಯತೆ ಜಾಸ್ತಿ. ಎಂಜಿನ್ ಬಿಸಿಯಾಗಿ ಆರ್‌ಪಿಎಂ ಏರಿದ ಮೇಲೆ ಮಾತ್ರ ಬಂದರೆ ಸಡಿಲ ಬೋಲ್ಟ್, ಸಡಿಲ ಪಿನ್ ಅಥವಾ ನಿಜವಾದ ಸದ್ದಿನ ಕಡೆ ನೋಡಬೇಕು.

ನಿಜವಾಗಿಯೂ ಸದ್ದಿದೆಯೇ?

ಪಿ0326 ಬಂದಾಗ ಈ ಪ್ರಶ್ನೆ ಬಹಳ ಮುಖ್ಯ. ಸೆನ್ಸರ್ ಸರಿಯಾಗಿಯೇ ಇದ್ದು, ಇಸಿಯುಗೆ ಎಂಜಿನ್‌ನ ಬೇರೆ ಯಾವುದೋ ಸದ್ದು ಸಿಗುತ್ತಿರಬಹುದು. ಸಡಿಲವಾದ ಬ್ರ್ಯಾಕೆಟ್, ಸದ್ದು ಮಾಡುವ ಟ್ಯಾಪೆಟ್, ಹಳೆಯ ಟೈಮಿಂಗ್ ಚೈನ್, ಕಡಿಮೆಯಾದ ಎಂಜಿನ್ ಆಯಿಲ್ ಇವೆಲ್ಲ ಸೆನ್ಸರ್‌ಗೆ ತಲುಪುತ್ತವೆ. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಕೂಲಂಟ್ ನೋಡಿ. ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದ್ದರೆ ನಾಕಿಂಗ್ ಆಗುವುದು ಸಹಜ.

ಪೆಟ್ರೋಲ್ ಮೇಲೂ ಗುಮಾನಿ ಇರಲಿ. ಎಥನಾಲ್ ನಾಕಿಂಗ್ ತಡೆಯುವ ಗುಣದ್ದು. ಹಾಗಾಗಿ ಈಗ ಬಂಕ್‌ಗಳಲ್ಲಿ ಸಿಗುವ 20% ಎಥನಾಲ್ ಸೇರಿದ ಪೆಟ್ರೋಲ್‌ನಿಂದ ನಾಕಿಂಗ್ ಹೆಚ್ಚಬಾರದು. ಆದರೆ ಕಲಬೆರಕೆ ಪೆಟ್ರೋಲ್‌ನ ಕತೆ ಬೇರೆ. ಸೀಮೆಎಣ್ಣೆ ಬೆರೆತರೆ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಬಿದ್ದುಹೋಗುತ್ತದೆ. ಬಂಕ್ ಬದಲಿಸಿ, ಟ್ಯಾಂಕ್ ಪೂರ್ತಿ ಖಾಲಿಯಾಗುತ್ತ ಬಂದಾಗ ಎಕ್ಸ್‌ಪಿ95 ತರಹದ ಹೆಚ್ಚು ಆಕ್ಟೇನ್ ಪೆಟ್ರೋಲ್ ತುಂಬಿಸಿ ನೋಡಿ.

ಗಾಡಿಯಲ್ಲಿ ಸಿಎನ್‌ಜಿ ಇದ್ದರೆ ಇನ್ನೂ ಒಳ್ಳೆಯ ಪರೀಕ್ಷೆ ಕೈಯಲ್ಲೇ ಇದೆ. ಸಿಎನ್‌ಜಿಯ ಆಕ್ಟೇನ್ 120ರ ಆಸುಪಾಸು. ಅದರಲ್ಲಿ ನಾಕಿಂಗ್ ಆಗುವುದು ಬಹಳ ಕಷ್ಟ. ಒಂದೇ ಏರಿನಲ್ಲಿ, ಒಂದೇ ಗೇರ್‌ನಲ್ಲಿ ಪೆಟ್ರೋಲ್‌ನಲ್ಲಿ ಒಮ್ಮೆ, ಸಿಎನ್‌ಜಿಯಲ್ಲಿ ಒಮ್ಮೆ ಹತ್ತಿಸಿ. ಪೆಟ್ರೋಲ್‌ನಲ್ಲಿ ಇದ್ದ ಸದ್ದು ಸಿಎನ್‌ಜಿಯಲ್ಲಿ ಮಾಯವಾದರೆ ಅದು ನಾಕಿಂಗ್. ಎರಡರಲ್ಲೂ ಒಂದೇ ಸದ್ದು ಇದ್ದರೆ ಅದು ಎಂಜಿನ್‌ನ ಯಾವುದೋ ಭಾಗದ್ದು, ಅದನ್ನೇ ಹುಡುಕಬೇಕು.

ಕಣ್ಣಿಂದ ನೋಡಿ

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗಾಡಿಯ ಕೆಳಗೆ ಹೋಗಬೇಕಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ. ಹೆಚ್ಚಿನ ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಸೆನ್ಸರ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ, ಬ್ಲಾಕ್‌ನ ನಡುಭಾಗದಲ್ಲಿ. ಅಲ್ಲಿಗೆ ಕೈ ಹೋಗುವುದೇ ಕಷ್ಟ. ಟಾರ್ಚ್ ಮತ್ತು ಚಿಕ್ಕ ಕನ್ನಡಿ ಇಟ್ಟುಕೊಳ್ಳಿ.

ನಮ್ಮ ಕಡೆ ಮೊದಲ ಅನುಮಾನ ಇಲಿಯ ಮೇಲೆ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಮೇಲೆ ಬಂದು ಕೂರುವ ಇಲಿ, ಹೆಗ್ಗಣಗಳಿಗೆ ಈ ತೆಳು ವೈರ್‌ಗಳು ಸುಲಭವಾಗಿ ಸಿಗುತ್ತವೆ. ವೈರ್ ಸುತ್ತಲಿನ ಕಪ್ಪು ಕೊಳವೆಯ ಮೇಲೆ ಹಲ್ಲಿನ ಗುರುತು, ಹಿಕ್ಕೆ, ಹುಲ್ಲು, ಬಟ್ಟೆ ಚೂರು ಇವೆಯೇ ನೋಡಿ. ಇದ್ದರೆ ಗ್ಲೌಸ್ ಹಾಕಿಕೊಂಡೇ ಮುಟ್ಟಿ. ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ. ಕರಾವಳಿ, ಮಲೆನಾಡಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕಪ್ಲರ್ ಬಿಚ್ಚಿ ಒಳಗೆ ನೋಡಿ. ಪಿನ್ ಮೇಲೆ ಹಸಿರು ಕಿಲುಬು, ಒಳಗೆ ನೀರು, ಆಯಿಲ್ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಸೀಲ್ ಹರಿದಿದೆಯೇ, ಪಿನ್ ಹಿಂದಕ್ಕೆ ಸರಿದಿದೆಯೇ, ಲಾಕ್ ಮುರಿದಿದೆಯೇ ಎನ್ನುವುದನ್ನೂ ಗಮನಿಸಿ. ಇತ್ತೀಚೆಗೆ ಸ್ಟಾರ್ಟರ್ ಮೋಟರ್ ಅಥವಾ ಮ್ಯಾನಿಫೋಲ್ಡ್ ಬಿಚ್ಚುವ ಕೆಲಸ ನಡೆದಿದ್ದರೆ ಅಲ್ಲೇ ವೈರ್ ಸಿಕ್ಕಿಹಾಕಿಕೊಂಡಿರಬಹುದು. ಅರ್ಧಕ್ಕಿಂತ ಹೆಚ್ಚು ಕೆಲಸ ಈ ಹಂತದಲ್ಲೇ ಮುಗಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಇದನ್ನು ಅವಸರದಲ್ಲಿ ಮಾಡಬೇಡಿ.

ಸೆನ್ಸರ್ ಅಳೆಯುವುದು

ಇದಕ್ಕೂ ಮೊದಲು ನಿಮ್ಮ ಮಲ್ಟಿಮೀಟರ್ ಎಂಥದ್ದು ಎಂದು ತಿಳಿದಿರಬೇಕು. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗಕ್ಕೆ ಸಿಗುವ ಹಳದಿ ಮೀಟರ್ 2 ಮೆಗಾಓಮ್‌ವರೆಗೆ ಮಾತ್ರ ಅಳೆಯುತ್ತದೆ. ಅದರ ಎಸಿ ರೇಂಜ್ ಶುರುವಾಗುವುದೇ 200 ವೋಲ್ಟ್‌ನಿಂದ. ನಾಕ್ ಸೆನ್ಸರ್‌ನ ಮಿಲಿವೋಲ್ಟ್ ಅದಕ್ಕೆ ಕಾಣುವುದೇ ಇಲ್ಲ. 20 ಮೆಗಾಓಮ್ ಮತ್ತು ಎಸಿ ಮಿಲಿವೋಲ್ಟ್ ಎರಡೂ ಇರುವ ಮೀಟರ್ ಬೇಕು.

ಕಪ್ಲರ್ ತೆಗೆದು ಸೆನ್ಸರ್‌ನ ಎರಡು ಪಿನ್‌ಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಪ್ರೋಬ್‌ನ ಲೋಹವನ್ನು ಎರಡೂ ಕೈಯಿಂದ ಹಿಡಿಯಬೇಡಿ, ನಿಮ್ಮ ಮೈಯ ರೆಸಿಸ್ಟೆನ್ಸ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಷ್ಟು ಬರಬೇಕು ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಟೊಯೊಟಾದ ಹಲವು ಚಪ್ಪಟೆ ಸೆನ್ಸರ್‌ಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 120ರಿಂದ 280 ಕಿಲೋಓಮ್. ಬಾಷ್‌ನ ಹಲವು ಸೆನ್ಸರ್‌ಗಳಲ್ಲಿ 1 ಮೆಗಾಓಮ್‌ಗಿಂತ ಜಾಸ್ತಿ. ಬಾಷ್ ಸೆನ್ಸರ್‌ ಅನ್ನು ಹಳದಿ ಮೀಟರ್‌ನಲ್ಲಿ ಅಳೆದು 'ಓಪನ್ ಆಗಿದೆ' (ಒಳಗೆ ಕಡಿದುಹೋಗಿದೆ) ಎಂದು ಎಸೆದರೆ ಒಳ್ಳೆಯ ಸೆನ್ಸರ್ ಕಸದ ಬುಟ್ಟಿ ಸೇರುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಅಂಕಿಯೇ ಕೊನೆಯ ಮಾತು.

ಆಮೇಲೆ ತಟ್ಟಿ ನೋಡುವ ಪರೀಕ್ಷೆ. ಮೀಟರ್ ಅನ್ನು ಎಸಿ ಮಿಲಿವೋಲ್ಟ್‌ಗೆ ಇಟ್ಟು ಸೆನ್ಸರ್ ಪಿನ್‌ಗಳಿಗೆ ಜೋಡಿಸಿ. ಸೆನ್ಸರ್ ಪಕ್ಕದ ಬ್ಲಾಕ್ ಮೇಲೆ ಚಿಕ್ಕ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗಲೆಲ್ಲ ಅಂಕಿ ಕುಣಿಯಬೇಕು. ಸೆನ್ಸರ್ ಮೇಲೆಯೇ ಹೊಡೆಯಬೇಡಿ, ಹರಳು ಒಡೆಯುತ್ತದೆ. ಸಾಮಾನ್ಯ ಮೀಟರ್‌ಗೆ ಇಷ್ಟು ವೇಗದ ಕಂಪನವನ್ನು ಸರಿಯಾಗಿ ಅಳೆಯಲು ಬರುವುದಿಲ್ಲ. ಅದಕ್ಕೇ ಎಷ್ಟು ಮಿಲಿವೋಲ್ಟ್ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡಿ. ಅಂಕಿ ಅಲುಗಿತೋ ಇಲ್ಲವೋ ಅಷ್ಟೇ ನೋಡಿ. ಆಸಿಲೋಸ್ಕೋಪ್ ಇರುವ ಗ್ಯಾರೇಜ್ ಸಿಕ್ಕರೆ ಅಲೆಯನ್ನೇ ಕಣ್ಣಾರೆ ನೋಡಬಹುದು.

ಎರಡೂವರೆ ವೋಲ್ಟ್‌ನ ಲೆಕ್ಕ

ಈ ಭಾಗವನ್ನು ಸಾವಧಾನವಾಗಿ ಓದಿ. ಇದು ಅರ್ಥವಾದರೆ ತೊಂದರೆ ವೈರ್‌ನಲ್ಲಿದೆಯೋ ಸೆನ್ಸರ್‌ನಲ್ಲಿದೆಯೋ ಎಂದು ಹತ್ತು ನಿಮಿಷದಲ್ಲಿ ಹೇಳಬಹುದು.

ಹೆಚ್ಚು ರೆಸಿಸ್ಟೆನ್ಸ್ ಇರುವ ಹರಳಿನ ವೈರ್ ತುಂಡಾಗಿದೆ ಎಂದು ಇಸಿಯುಗೆ ಗೊತ್ತಾಗುವುದು ಹೇಗೆ? ಟೊಯೊಟಾ ಚಪ್ಪಟೆ ಸೆನ್ಸರ್‌ನಲ್ಲಿ ಇದಕ್ಕೊಂದು ಸರಳ ಉಪಾಯ ಇದೆ. ಇಸಿಯು ಒಳಗೆ 200 ಕಿಲೋಓಮ್ ರೆಸಿಸ್ಟರ್ ಮೂಲಕ 5 ವೋಲ್ಟ್ ಕೊಡುತ್ತಾರೆ. ಸೆನ್ಸರ್ ಒಳಗೂ ಹರಳಿಗೆ ಅಡ್ಡಲಾಗಿ ಸುಮಾರು ಅಷ್ಟೇ ರೆಸಿಸ್ಟರ್ ಇದೆ. ಎರಡೂ ಸಮ ಇರುವುದರಿಂದ ಸಿಗ್ನಲ್ ವೈರ್‌ನಲ್ಲಿ 2.5 ವೋಲ್ಟ್ ನಿಲ್ಲುತ್ತದೆ. ನಾಕಿಂಗ್ ಸಿಗ್ನಲ್ ಇದರ ಮೇಲೆ ಸವಾರಿ ಮಾಡಿಕೊಂಡು ಬರುತ್ತದೆ. ವೈರ್ ತುಂಡಾದರೆ ವೋಲ್ಟೇಜ್ 5ಕ್ಕೆ ಏರುತ್ತದೆ. 4.5 ದಾಟಿತು ಎಂದು ಪಿ0328 ಬರುತ್ತದೆ. ಅರ್ಥ್‌ಗೆ (ಬ್ಯಾಟರಿ ನೆಗೆಟಿವ್ ಸೇರಿದ ಬಾಡಿ ಅಥವಾ ಬ್ಲಾಕ್‌ಗೆ) ಶಾರ್ಟ್ ಆದರೆ 0ಕ್ಕೆ ಇಳಿದು, 0.5ಕ್ಕಿಂತ ಕಮ್ಮಿಯಾಯಿತು ಎಂದು ಪಿ0327 ಬರುತ್ತದೆ. ಅಂದರೆ ಇಂಥ ಗಾಡಿಯಲ್ಲಿ 'ಹೈ' ಕೋಡ್ ಬಂದರೆ ತುಂಡಾದ ವೈರ್ ಹುಡುಕಬೇಕು. 'ಲೋ' ಬಂದರೆ ಶಾರ್ಟ್ ಹುಡುಕಬೇಕು.

ಈಗ ಅಳೆಯೋಣ. ಬ್ಯಾಟರಿ ಜೋಡಿಸಿ, ಸೆನ್ಸರ್ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಬಹುದು, ಕೈ ದೂರ ಇರಲಿ. ವೈರಿಂಗ್ ಕಡೆಯ ಕಪ್ಲರ್‌ನ ಎರಡು ಪಿನ್‌ಗಳ ನಡುವೆ ಡಿಸಿ ವೋಲ್ಟೇಜ್ ನೋಡಿ. 4.5ರಿಂದ 5.5 ವೋಲ್ಟ್ ಬಂದರೆ ಎರಡೂ ವೈರ್ ಮತ್ತು ಇಸಿಯು ಸರಿ ಇವೆ. ಪಿನ್‌ಗಳ ನಡುವೆ ಏನೂ ಇಲ್ಲ, ಆದರೆ ಸಿಗ್ನಲ್ ಪಿನ್‌ನಿಂದ ಬಾಡಿ ಅರ್ಥ್‌ಗೆ 5 ವೋಲ್ಟ್ ಇದೆ ಅಂದರೆ ವಾಪಸ್ ಹೋಗುವ ವೈರ್ ತುಂಡಾಗಿದೆ. ಎರಡು ಕಡೆಯೂ ಸೊನ್ನೆಯಾದರೆ ಸಿಗ್ನಲ್ ವೈರ್ ತುಂಡಾಗಿದೆ ಇಲ್ಲವೇ ಶಾರ್ಟ್ ಆಗಿದೆ.

ಇಲ್ಲೂ ಮೀಟರ್ ಮೋಸ ಮಾಡಬಹುದು. ಒಳ್ಳೆಯ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್. ಅಗ್ಗದ ಹಳದಿ ಮೀಟರ್‌ನದು ಸಾಮಾನ್ಯವಾಗಿ 1 ಮೆಗಾಓಮ್. 200 ಕಿಲೋಓಮ್ ದಾಟಿ ಬರುವ 5 ವೋಲ್ಟ್ ಅದರಲ್ಲಿ 4.2ರ ಹತ್ತಿರ ಕಾಣುತ್ತದೆ. ಸರ್ಕ್ಯೂಟ್ ಸರಿ ಇದ್ದರೂ ಕೆಟ್ಟಿದೆ ಅನ್ನಿಸುತ್ತದೆ.

5 ವೋಲ್ಟ್ ಸರಿ ಇದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 220 ಕಿಲೋಓಮ್ ರೆಸಿಸ್ಟರ್ ಒಂದನ್ನು ತನ್ನಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಂತೂ ಇದು ಚಿಲ್ಲರೆ ಕಾಸಿಗೆ ಸಿಗುತ್ತದೆ. ಸೆನ್ಸರ್ ಬದಲು ಅದನ್ನು ಕಪ್ಲರ್‌ನ ಎರಡು ಪಿನ್‌ಗಳಿಗೆ ಜೋಡಿಸಿ. ವೋಲ್ಟೇಜ್ 2.6ರ ಹತ್ತಿರ ಬರಬೇಕು. ಬಂತು, ಪಿ0328 ಕೂಡ ಮರಳಲಿಲ್ಲ ಅಂದರೆ ಸೆನ್ಸರೇ ಕೆಟ್ಟಿದೆ. ಈಗ ಧೈರ್ಯವಾಗಿ ಹೊಸದು ಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಆ ರೆಸಿಸ್ಟರ್ ತೆಗೆಯಲೇಬೇಕು. ಲೈಟ್ ಹತ್ತದಂತೆ ಮಾಡಲು ಅದನ್ನೇ ಒಳಗೆ ಬಿಟ್ಟು ಓಡಿಸುವುದು ಎಂಜಿನ್‌ಗೆ ಮಾಡುವ ದ್ರೋಹ. ಆಗ ನಾಕಿಂಗ್ ಆದರೂ ಇಸಿಯುಗೆ ಗೊತ್ತಾಗುವುದಿಲ್ಲ.

ಒಳಗೆ ರೆಸಿಸ್ಟರ್ ಇಲ್ಲದ ಸೆನ್ಸರ್‌ಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಒಂದೇ ವೈರ್‌ನ ಹಳೆಯ ಸೆನ್ಸರ್‌ಗಳಿಗೆ ಬ್ಲಾಕೇ ಅರ್ಥ್. ಅವುಗಳ ತಿರುಪಿನ ಮರೆಗೆ (ಥ್ರೆಡ್‌ಗೆ) ಟೆಫ್ಲಾನ್ ಟೇಪ್ ಸುತ್ತಿದರೆ ಸರ್ಕ್ಯೂಟ್ ಅಲ್ಲೇ ಕಡಿದುಹೋಗಬಹುದು.

ವೈರ್ ಮತ್ತು ಶೀಲ್ಡ್

ಮತ್ತೆ ಬ್ಯಾಟರಿ ನೆಗೆಟಿವ್ ತೆಗೆದು, ಇಸಿಯು ಕಪ್ಲರ್ ಬಿಚ್ಚಿ. ಒಂದೊಂದೇ ವೈರ್ ಅನ್ನು ಎರಡು ತುದಿಯಿಂದ ಅಳೆಯಿರಿ. 1 ಓಮ್‌ಗಿಂತ ಕಮ್ಮಿ ಇರಬೇಕು. ಆಮೇಲೆ ಎರಡು ವೈರ್‌ಗಳ ನಡುವೆ, ಪ್ರತಿ ವೈರ್ ಮತ್ತು ಬಾಡಿ ನಡುವೆ ಅಳೆಯಿರಿ. ಅಲ್ಲಿ ಪೂರ್ತಿ ಓಪನ್ ಇರಬೇಕು. ಅಳೆಯುತ್ತಲೇ ವೈರ್ ಅನ್ನು ಉದ್ದಕ್ಕೂ ಅಲುಗಾಡಿಸಿ. ಪಿ0329 ತರಹದ ಬಂದುಹೋಗುವ ದೋಷ ಸಿಕ್ಕುವುದು ಹೀಗೇ. ಪ್ರೋಬ್‌ನ ದಪ್ಪ ಮೊನೆಯನ್ನು ಪಿನ್ ಒಳಗೆ ತುರುಕಬೇಡಿ, ಪಿನ್ ಅಗಲವಾಗಿ ಹೊಸ ತೊಂದರೆ ಶುರುವಾಗುತ್ತದೆ. ಕಪ್ಲರ್ ಹಿಂಬದಿಯಿಂದ ತೆಳು ಸೂಜಿಪಿನ್ ಬಳಸಿ.

ಶೀಲ್ಡ್ ಇರುವ ಗಾಡಿಗಳಲ್ಲಿ ಅದು ಇಸಿಯು ಕಡೆ ಒಂದೇ ತುದಿಯಲ್ಲಿ ಅರ್ಥ್ ಆಗಿರುತ್ತದೆ. ಸೆನ್ಸರ್ ಕಡೆಯಲ್ಲಿ ಅದು ಬ್ಲಾಕ್‌ಗೆ ತಾಗಿದರೆ ಬೇಡದ ಕರೆಂಟ್ ಹರಿದು ಸಿಗ್ನಲ್ ಕೆಡುತ್ತದೆ. ಶೀಲ್ಡ್ ಕಡಿದಿದ್ದರೆ ಇಗ್ನಿಷನ್ ಕಾಯಿಲ್, ಆಲ್ಟರ್ನೇಟರ್‌ಗಳ ಗದ್ದಲ ಒಳಗೆ ನುಗ್ಗುತ್ತದೆ. ಇಲಿ ಕಡಿದ ವೈರ್ ಜೋಡಿಸುವಾಗ ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಎರಡು ವೈರ್‌ಗಳ ಜೋಡಣೆ ಒಂದೇ ಜಾಗಕ್ಕೆ ಬಾರದಂತೆ ಹಿಂದೆ ಮುಂದೆ ಕತ್ತರಿಸಿ, ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ. ಶೀಲ್ಡ್ ಅನ್ನೂ ಮರೆಯದೆ ಜೋಡಿಸಿ. ಕಾಯಿಲ್ ವೈರ್‌ಗಳಿಂದ ದೂರ ಹಾಯಿಸಿ.

ಬೋಲ್ಟ್ ಬಿಗಿಯುವುದು

ಹೊಸ ಸೆನ್ಸರ್ ಹಾಕುವಾಗ ಇಲ್ಲೇ ಜಾಸ್ತಿ ಕೆಡುವುದು. ಸೆನ್ಸರ್ ಬ್ಲಾಕ್ ಮೇಲೆ ಎಷ್ಟು ಒತ್ತಿ ಕೂತಿದೆ ಎನ್ನುವುದರ ಮೇಲೆ ಅದರ ಸಿಗ್ನಲ್ ನಿಂತಿದೆ. ಚಪ್ಪಟೆ ಸೆನ್ಸರ್‌ಗಳಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸಿ ಬಿಗಿಯುವ ಬಲ). ಸಡಿಲವಾದರೆ ಸಿಗ್ನಲ್ ಕುಗ್ಗುತ್ತದೆ. ಜಾಸ್ತಿ ಬಿಗಿದರೆ ಹರಳಿಗೆ ಪೆಟ್ಟು. ಟಾರ್ಕ್ ರೆಂಚ್ ಇಲ್ಲದೆ ಅಂದಾಜಿನಲ್ಲಿ ಬಿಗಿಯಬೇಡಿ. ಬ್ಲಾಕ್‌ನ ಆ ಜಾಗದಲ್ಲಿರುವ ತುಕ್ಕು, ಬಣ್ಣ, ಆಯಿಲ್ ಒರೆಸಿ ಲೋಹ ಕಾಣುವಂತೆ ಮಾಡಿ. ವಾಷರ್ ಹಾಕಬೇಡಿ, ಗ್ರೀಸ್ ಹಚ್ಚಬೇಡಿ. ಕೈಜಾರಿ ಕಾಂಕ್ರೀಟ್ ನೆಲಕ್ಕೆ ಬಿದ್ದ ಸೆನ್ಸರ್ ಅನ್ನು ಹಾಕಬೇಡಿ. ವೈರ್ ಯಾವ ಕಡೆ ಮುಖ ಮಾಡಬೇಕು ಎಂದು ಕೆಲವು ಕಂಪನಿಗಳು ಕೋನವನ್ನೂ ಹೇಳಿರುತ್ತವೆ, ಅದನ್ನು ಪಾಲಿಸಿ. ಹಳೆಯ ಸೆನ್ಸರ್‌ನ ಬೋಲ್ಟ್ ಕೈಯಲ್ಲೇ ತಿರುಗುವಷ್ಟು ಸಡಿಲ ಇತ್ತು ಅಂದರೆ ಅದನ್ನೇ ಸರಿಯಾಗಿ ಬಿಗಿದು ಮೊದಲು ಓಡಿಸಿ ನೋಡಿ.

ರಸ್ತೆಯಲ್ಲಿ ಪರೀಕ್ಷೆ

ಕೋಡ್ ಅಳಿಸಿ, ಎಂಜಿನ್ ಬಿಸಿ ಮಾಡಿ, ಜೊತೆಗೆ ಒಬ್ಬರನ್ನು ಕೂರಿಸಿಕೊಳ್ಳಿ. ಫೋನ್ ನೋಡುವ ಕೆಲಸ ಅವರದು, ನಿಮ್ಮದಲ್ಲ. ಆ್ಯಪ್‌ನಲ್ಲಿ ಇಗ್ನಿಷನ್ ಟೈಮಿಂಗ್ ತೆರೆದಿಡಿ. ಮೊದಲು ಓಡಿಸಿದ ಅದೇ ಏರಿನಲ್ಲಿ, ಅದೇ ಗೇರ್‌ನಲ್ಲಿ, ಅದೇ ಆರ್‌ಪಿಎಂನಲ್ಲಿ ಹತ್ತಿಸಿ. ರಿಪೇರಿಗೆ ಮೊದಲಿನ ಅಂಕಿಗಿಂತ ಟೈಮಿಂಗ್ ಮುಂದಕ್ಕೆ ಬಂದಿದ್ದರೆ ಇಸಿಯು ಸೆನ್ಸರ್ ಮೇಲೆ ಮತ್ತೆ ಭರವಸೆ ಇಟ್ಟಿದೆ ಎಂದರ್ಥ. ನಾಕ್ ರಿಟಾರ್ಡ್ (ನಾಕಿಂಗ್‌ನಿಂದಾಗಿ ಟೈಮಿಂಗ್ ಎಷ್ಟು ಹಿಂದಕ್ಕೆ ಹೋಯಿತು) ಎಂಬ ಅಂಕಿಯನ್ನು ನೇರವಾಗಿ ನೋಡಲು ಆಯಾ ಕಂಪನಿಯ ಸ್ಕ್ಯಾನರ್ ಬೇಕಾಗಬಹುದು.

ಇಷ್ಟೆಲ್ಲ ಆಗಿ ಸೆನ್ಸರ್, ವೈರ್, ಶೀಲ್ಡ್, ಬೋಲ್ಟ್ ಎಲ್ಲ ಸರಿ ಇದ್ದೂ ಅದೇ ಕೋಡ್ ಬಂದರೆ ಮಾತ್ರ ಇಸಿಯು ಕಡೆ ತಿರುಗಿ. ಅದಕ್ಕೂ ಮೊದಲು ಇಸಿಯುವಿನ ಅರ್ಥ್ ಬೋಲ್ಟ್‌ಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ. ನಿಮ್ಮ ಮಾಡೆಲ್‌ಗೆ ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದೆಯೇ ಎಂದು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಚೆಕ್ ಲೈಟ್ ಹತ್ತದಿದ್ದರೂ ಎರಡು ಮೂರು ದಿನ ಓಡಿಸಿದ ಮೇಲೆ ರೀಡರ್ ಮತ್ತೊಮ್ಮೆ ಹಾಕಿ 'ಪೆಂಡಿಂಗ್' ಕೋಡ್ ಇದೆಯೇ ನೋಡಿ. ಹಲವು ದೋಷಗಳಿಗೆ ಎರಡನೇ ಬಾರಿ ಕಂಡ ಮೇಲೆಯೇ ಇಸಿಯು ಲೈಟ್ ಹತ್ತಿಸುತ್ತದೆ, ಮೊದಲನೆಯದು ಪೆಂಡಿಂಗ್ ಪಟ್ಟಿಯಲ್ಲಿ ಕೂತಿರುತ್ತದೆ.